ಮಾಸ್ತರರ ಮಗಳ ಹತ್ತು ವಾರ

ದಂಡಿನ ದೊಡ್ಡ ಗೇಟಿನ ಎದುರಿಗೆ, ಸೈಕಲ್ ರಿಪೇರಿಯವನಿಗೂ ಬೂಟು ಮಾರುವವನಿಗೂ ನಡುವೆ ನನ್ನ ಹೊಲಿಗೆ ಅಂಗಡಿ. ಇಪ್ಪತ್ತಾರು ವರ್ಷದಿಂದ ಸೈನಿಕರ ಬಟ್ಟೆ ಹೊಲಿದೇ ಹೊಟ್ಟೆ ಹೊರೆದಿದ್ದೇನೆ. ಹೊಸದಾಗಿ ಸೇರಿದವರು ಸೊಂಟ ಬಿಗಿ ಮಾಡಿಸಿಕೊಳ್ಳಲು ಬರುತ್ತಾರೆ, ಬಡ್ತಿ ಸಿಕ್ಕವರು ಸಡಿಲ ಮಾಡಿಸಿಕೊಳ್ಳಲು ಬರುತ್ತಾರೆ. ಪ್ಯಾಂಟಿನ ಮಂಡಿ ಎಷ್ಟು ಸವೆದಿದೆ ಎಂದು ನೋಡಿ, ಇವನು ತರಬೇತಿಯ ಎಷ್ಟನೇ ವಾರದಲ್ಲಿದ್ದಾನೆ ಎಂದು ಹೇಳಬಲ್ಲೆ. ಇದೊಂದು ವಿದ್ಯೆ ಎಂದು ಜಂಬ ಕೊಚ್ಚಿಕೊಳ್ಳುತ್ತಿಲ್ಲ. ಒಂದೇ ಕೆಲಸವನ್ನು ಬೇಸರ ಹತ್ತುವಷ್ಟು ವರ್ಷ ಮಾಡಿದರೆ ಯಾರಿಗಾದರೂ ಬರುತ್ತದೆ.

ಗೇಟಿನ ಒಳಗೆ, ಕಾಲಾಳುಗಳನ್ನು ತಯಾರು ಮಾಡುವ ಕಡೆ, ನನ್ನ ಅಣ್ಣ ಕಲಿಸುತ್ತಿದ್ದ. ಅವನ ಹುದ್ದೆಗೆ ಉದ್ದದೊಂದು ಹೆಸರಿತ್ತು, ಯಾರೂ ಬಳಸುತ್ತಿರಲಿಲ್ಲ. ಮೇಲಿನವರೂ ಕೆಳಗಿನವರೂ ಅವನನ್ನು ಮಾಸ್ತರರು ಎನ್ನುತ್ತಿದ್ದರು. ಮೊದಲ ಹದಿನಾಲ್ಕು ವರ್ಷ ಗುಡ್ಡಗಾಡಿನಲ್ಲಿ ಕಾವಲು ಕಾದು, ಬಲಗಿವಿಯನ್ನು ಅಲ್ಲೆಲ್ಲೋ ಗುಂಡಿನ ಸದ್ದಿಗೆ ಕಳೆದುಕೊಂಡು ಬಂದು, ಆಮೇಲೆ ಹನ್ನೊಂದು ವರ್ಷದಿಂದ ಹತ್ತು ವಾರದ ಅದೇ ಪಾಠವನ್ನು ವರ್ಷಕ್ಕೆ ನಾಲ್ಕು ಸಲ ಒಪ್ಪಿಸುತ್ತಿದ್ದ. ಹೊರೆ ಹೊತ್ತು ನಡೆಯುವುದು, ಗುಂಡಿ ತೋಡುವುದು, ತೋಡಿದ ಗುಂಡಿಯಲ್ಲಿ ನೆನೆಯುತ್ತ ಕೂರುವುದು, ನಕ್ಷೆ ನೋಡಿ ದಾರಿ ತಪ್ಪುವುದು, ತಪ್ಪಿದ ದಾರಿಯಿಂದ ವಾಪಸು ಬರುವುದು. ಸುಸ್ತಾದ ಮೇಲೂ ತಲೆ ಓಡಿಸುವುದನ್ನು ಕಲಿಸುತ್ತೇನೆ, ಅದು ಬಿಟ್ಟರೆ ಬೇರೇನೂ ಇಲ್ಲ ಎಂದು ಅವನು ಹೇಳುತ್ತಿದ್ದ. ಮನೆಗೆ ಬಂದ ಮೇಲೆ ಮಾತ್ರ ಅವನ ತಲೆಯೂ ಓಡುತ್ತಿರಲಿಲ್ಲ, ಕಾಲೂ ಓಡುತ್ತಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಬೂಟು ಬಿಚ್ಚಿ, ಇನ್ನೊಂದಕ್ಕೆ ಕೈ ಹಾಕುವ ಮೊದಲೇ ನಿದ್ದೆ ಹೋಗಿರುತ್ತಿದ್ದ.

ಆ ಇನ್ನೊಂದನ್ನು ಅತ್ತಿಗೆ ಬಿಚ್ಚುತ್ತಿದ್ದರು. ಅವರೂ ಆಗಷ್ಟೇ ಕೆಲಸದಿಂದ ಬಂದಿರುತ್ತಿದ್ದರು. ಬಸ್ ನಿಲ್ದಾಣದಲ್ಲಿ ಅಂಗೈಯಗಲದ ಕಿಂಡಿಯ ಹಿಂದೆ ದಿನಕ್ಕೆ ಎಂಟು ಗಂಟೆ ಕೂತು ಟಿಕೆಟ್ ಕೊಡುವುದು ಅವರ ಕೆಲಸ. ಊರಿಗೆಲ್ಲ ಟಿಕೆಟ್ ಕೊಟ್ಟ ನಾನು ಎಲ್ಲಿಗೂ ಹೋಗಲಿಲ್ಲ ಎನ್ನುವುದು ಅವರ ಹಳೆಯ ತಮಾಷೆ. ಈಗೀಗ ಅದಕ್ಕೆ ಯಾರೂ ನಗುತ್ತಿರಲಿಲ್ಲ, ಅವರೂ ನಗುತ್ತಿರಲಿಲ್ಲ. ಆದರೂ ಹೇಳುತ್ತಿದ್ದರು. ನಾನು ಮದುವೆಯಾಗದವನು. ಅವರ ಮನೆಯ ಮಹಡಿ ಕೋಣೆಯಲ್ಲೇ ಇದ್ದು, ಊಟ ತಿಂಡಿ ಅವರೊಟ್ಟಿಗೇ ಮಾಡಿಕೊಂಡಿದ್ದೆ. ಆದ್ದರಿಂದ ಮುಂದೆ ನಡೆದದ್ದಕ್ಕೆಲ್ಲ ನಾನು ಹತ್ತಿರದ ಸಾಕ್ಷಿ. ಬೇಡವೆಂದರೂ ಆಗಬೇಕಾಯಿತು.

ಅಣ್ಣ ಅತ್ತಿಗೆಗೆ ಒಬ್ಬಳೇ ಮಗಳು, ಪುಟ್ಟಿ. ಓದು ಮುಗಿಸಿ, ಹನ್ನೊಂದು ತಿಂಗಳು ಸೇನಾಧಿಕಾರಿಗಳ ತರಬೇತಿ ಪಡೆದು, ಹೆಲಿಕಾಪ್ಟರ್ ಹಾರಿಸುವ ಶಾಲೆಗೆ ಆಯ್ಕೆಯಾಗಿ ಅವಳು ಮನೆಗೆ ಬಂದಾಗ ಇಪ್ಪತ್ತಮೂರು ವರ್ಷ. ನಿಯಮದ ಪ್ರಕಾರ ದಂಡಿನ ಒಳಗೆ ಅವಳು ಎದುರಾದರೆ ಅಪ್ಪನೇ ಸೆಲ್ಯೂಟ್ ಹೊಡೆಯಬೇಕು. ಮನೆಯಲ್ಲಿ, ಪುಟ್ಟಿ ಹಾಲು ಉಕ್ಕುತ್ತೆ ನೋಡು ಎಂದರೆ ಅವಳೇ ಓಡಬೇಕು. ಅವತ್ತು ಓಡಲೂ ಇಲ್ಲ. ಬಂದವಳು ಬ್ಯಾಗು ಇಟ್ಟು, ಎರಡು ಬ್ರೆಡ್ಡು ತಿಂದು ಮಲಗಿದಳು, ಮಾರನೇ ದಿನ ಮಧ್ಯಾಹ್ನ ಎದ್ದಳು. ಮತ್ತೆ ಊಟ ಮಾಡಿ ಮಲಗಿದಳು. ಅತ್ತಿಗೆ ಎರಡು ಸಲ ಹೋಗಿ ಉಸಿರಾಡುತ್ತಿದ್ದಾಳಾ ಎಂದು ನೋಡಿ ಬಂದರು.

ಹಾರಾಟದ ಶಾಲೆ ಶುರುವಾಗಲು ಇನ್ನೂ ಐದು ತಿಂಗಳಿತ್ತು. ಅವಳ ಕೈಗೆ ಬಂದಿದ್ದ ಪತ್ರದ ಕೊನೆಯಲ್ಲಿ ಎರಡು ಸಾಲು ಇದ್ದವು. ಅಲ್ಲಿಯವರೆಗೆ ಹತ್ತಿರದ ದಂಡಿನಲ್ಲಿ ಕಚೇರಿ ಕೆಲಸ ಮಾಡಬೇಕು. ಇಷ್ಟವಿದ್ದವರು ಆ ಅವಧಿಯಲ್ಲಿ ಹತ್ತು ವಾರದ ಕಾಲಾಳು ತರಬೇತಿ ಪಡೆಯಬಹುದು, ಕಡ್ಡಾಯವಲ್ಲ, ಇಪ್ಪತ್ತು ದಿನದೊಳಗೆ ತಿಳಿಸಬೇಕು.

ದಂಡಿನಲ್ಲಿ ಕಡ್ಡಾಯವಲ್ಲ ಎನ್ನುವುದರಷ್ಟು ಭಾರದ ಮಾತು ಇನ್ನೊಂದಿಲ್ಲ. ಕಡ್ಡಾಯವಾದದ್ದನ್ನು ಬೈದುಕೊಂಡು ಮಾಡಿ ಮುಗಿಸಬಹುದು. ಕಡ್ಡಾಯವಲ್ಲದ್ದನ್ನು ಮಾಡದೆ ಹೋದರೆ ಯಾಕೆ ಮಾಡಲಿಲ್ಲ ಎಂದು ನೂರು ಜನಕ್ಕೆ ಹೇಳಬೇಕು. ಅದರ ಮೇಲೆ, ಆ ತರಬೇತಿ ನಡೆಯುವುದು ಅವಳಪ್ಪ ಕಲಿಸುವ ಮೈದಾನದಲ್ಲೇ. ಸುದ್ದಿ ಗೇಟು ದಾಟಲು ಒಂದು ದಿನವೂ ಬೇಕಾಗಲಿಲ್ಲ. ಅಣ್ಣನ ಜೊತೆ ಕಲಿಸುವವರು ಕ್ಯಾಂಟೀನಿನಲ್ಲಿ, ಮಾಸ್ತರರ ಮಗಳು ಬರುತ್ತಾಳಲ್ಲ, ಅವಳ ಅಳತೆಯ ಬೂಟು ತೆಗೆದಿಟ್ಟಿದ್ದೇವೆ ಎಂದು ನಕ್ಕರಂತೆ. ಹುಲಿಯ ಹೊಟ್ಟೆಯಲ್ಲಿ ಹುಲಿಯೇ ಹುಟ್ಟೋದು ಎಂದು ಒಬ್ಬರು ಅಣ್ಣನ ಬೆನ್ನು ತಟ್ಟಿದರಂತೆ. ಅಣ್ಣ ಕೇಳದ ಕಿವಿಯನ್ನು ಅವರ ಕಡೆ ತಿರುಗಿಸಿ ಚಹಾ ಕುಡಿದು ಎದ್ದು ಬಂದನಂತೆ. ಇದನ್ನು ನನಗೆ ಹೇಳಿದ್ದು ಕ್ಯಾಂಟೀನಿನವನೇ, ಅಂಗಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಾಗ.

ಒಂದು ವಾರ ಕಳೆದ ಮೇಲೆ ಪುಟ್ಟಿ ಅಂಗಡಿಗೆ ಬಂದಳು. ಪ್ಯಾಂಟುಗಳೆಲ್ಲ ದೊಗಳೆಯಾಗಿವೆ, ಸರಿ ಮಾಡಿಕೊಡು ಚಿಕ್ಕಪ್ಪ ಎಂದಳು. ಬೂಟಿನೊಳಗೆ ಸೇರಿಸಿ ಕಟ್ಟುವ ಪ್ಯಾಂಟಿಗೆ ಮೀನಖಂಡದ ಅಳತೆಯೂ ಬೇಕು. ಬಲಗಾಲಿಗೆ ಟೇಪು ಸುತ್ತಿದೆ, ಹದಿಮೂರೂವರೆ ಇಂಚು. ಎಡಗಾಲಿಗೆ ಸುತ್ತಿದೆ, ಹದಿಮೂರೂ ಇಲ್ಲ. ನಾನು ತಪ್ಪಿದೆನೇನೋ ಎಂದು ಇನ್ನೊಂದು ಸಲ ಸುತ್ತಿದೆ. ಎರಡು ಕಾಲು ಯಾರಿಗೂ ಸರಿಸಮ ಇರುವುದಿಲ್ಲ, ನಿಜ. ಆದರೆ ಮುಕ್ಕಾಲು ಇಂಚಿನ ವ್ಯತ್ಯಾಸ ಹುಟ್ಟಿನಿಂದ ಬಂದದ್ದಲ್ಲ. ನಾನು ತಲೆ ಎತ್ತಿ ನೋಡಿದೆ. ಅವಳು ಗೋಡೆಗೆ ನೇತುಹಾಕಿದ್ದ ಬಟ್ಟೆಗಳ ಕಡೆ ನೋಡುತ್ತಿದ್ದಳು.

"ಎಂಟನೇ ತಿಂಗಳಲ್ಲಿ ಆಗಿದ್ದು" ಎಂದಳು. "ಮೂಳೆಲಿ ಕೂದಲೆಳೆಯಷ್ಟು ಬಿರುಕು. ಆರು ವಾರ ಬೂಟು ಹಾಕಲಿಲ್ಲ. ಡಾಕ್ಟರು ಸರಿಹೋಗಿದೆ ಅಂತ ಬರೆದುಕೊಟ್ಟಿದ್ದಾರೆ. ಸರಿಯಾಗೇ ಇದೆ ಚಿಕ್ಕಪ್ಪ. ಬೆಳಿಗ್ಗೆ ಎದ್ದಾಗ ಒಂದಷ್ಟು ಹೊತ್ತು, ಅದೊಂದು ಇದೆ ಅಂತ ಗೊತ್ತಾಗುತ್ತೆ. ಅಷ್ಟೇ."

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳಿದ್ದರೆ ಅಮ್ಮ ರಜ ಹಾಕಿ ಬಂದುಬಿಡುತ್ತಿದ್ದಳು, ಅಪ್ಪ ಏನೂ ಹೇಳದೆ ದಿನಾ ಎರಡು ಸಲ ಫೋನ್ ಮಾಡುತ್ತಿದ್ದ, ಎರಡನ್ನೂ ತಡೆಯುವ ಶಕ್ತಿ ಆಗ ಇರಲಿಲ್ಲ ಎಂದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಹತ್ತು ವಾರದ ವಿಷಯಕ್ಕೆ ಬಂದಳು. ಕಾಲಿನದು ಒಂದು ನೆಪ, ಕಾಲು ತಡೆದರೂ ತಡೆದೀತು, ನನಗೇ ಬೇಡವಾಗಿದೆ ಎಂದಳು. ಹನ್ನೊಂದು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದಿದ್ದೇನೆ, ಹಾರುವ ಶಾಲೆಗೆ ಹೋದರೆ ಇನ್ನೊಂದೂವರೆ ವರ್ಷ ತಲೆ ಎತ್ತುವ ಹಾಗಿಲ್ಲ, ನಡುವೆ ಸಿಕ್ಕ ಐದು ತಿಂಗಳಲ್ಲಿ ಸುಮ್ಮನೆ ಕಚೇರಿಯಲ್ಲಿ ಕೂತು ಸಂಜೆ ಮನೆಗೆ ಬರಬೇಕು ಅನ್ನಿಸಿದೆ ಎಂದಳು. ಹಾಗಂತ ಆ ತರಬೇತಿ ದಂಡ ಎಂದೇನೂ ಅವಳು ಹೇಳಲಿಲ್ಲ. ಕೆಳಗೆ ನಡೆಯುವವರ ಪಾಡು ಗೊತ್ತಿರುವ ಪೈಲಟ್ ಬೇರೆ, ಗೊತ್ತಿಲ್ಲದವನು ಬೇರೆ ಎಂದು ಅವಳಿಗೂ ತಿಳಿದಿತ್ತು. ಅವಳ ಜೊತೆ ಆಯ್ಕೆಯಾದ ಮೂವರು ಆಗಲೇ ಒಪ್ಪಿಗೆ ಕಳಿಸಿದ್ದರು.

"ಬೇಡ ಅಂತ ಬರೆದರೆ ಅಪ್ಪ ಅಲ್ಲಿ ಹೇಗೆ ಮುಖ ಎತ್ತಿಕೊಂಡು ಓಡಾಡ್ತಾನೆ ಹೇಳು. ಅವನು ಜೀವ ತೇದು ಕಲಿಸೋದನ್ನ ಅವನ ಮಗಳೇ ಬೇಡ ಅಂದಂಗಾಗಲ್ವಾ?" ಎಂದು ಕೇಳಿದಳು. ನಾನು ಟೇಪು ಸುತ್ತಿಟ್ಟೆ. ಹೋಗುವಾಗ, ಅಪ್ಪನಿಗೆ ಇದ್ಯಾವುದನ್ನೂ ಹೇಳಕೂಡದು ಎಂದು ಮಾತು ತೆಗೆದುಕೊಂಡಳು.

ಎರಡು ದಿನ ಬಿಟ್ಟು ಅಣ್ಣ ಬಂದ. ಅವನ ಪ್ಯಾಂಟಿನ ಮಂಡಿಗೆ ಒಳಗಿನಿಂದ ದಪ್ಪ ಬಟ್ಟೆಯ ತೇಪೆ ಹಾಕಿಕೊಡುವುದು ನನ್ನ ಖಾಯಂ ಕೆಲಸ. ಚಳಿಯಲ್ಲಿ ನೆಲಕ್ಕೆ ಮಂಡಿಯೂರಿದರೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಪುಟ್ಟಿ ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತು, ಅವಳು ಬರದಿದ್ದರೆ ಸಾಕಪ್ಪ ಎಂದ.

ಯಾಕೆ ಎಂದೆ. ನನ್ನ ಜೊತೆಯವರು ಅವಳನ್ನು ಎಲ್ಲರಿಗಿಂತ ಹೆಚ್ಚು ಗೋಳು ಹುಯ್ದುಕೊಳ್ಳುತ್ತಾರೆ, ಇಲ್ಲದಿದ್ದರೆ ಮಾಸ್ತರರ ಮಗಳು ಅಂತ ಬಿಟ್ಟರು ಅನ್ನುತ್ತಾರಲ್ಲ ಎಂದ. ಅವಳು ಹೊರೆ ಹೊತ್ತು ಬಿದ್ದರೆ ನಾನು ಎದ್ದೇಳು ಎಂದು ಕೂಗಬೇಕು, ಬೇರೆಯವರ ಮಕ್ಕಳಿಗೆ ಹನ್ನೊಂದು ವರ್ಷದಿಂದ ಕೂಗಿದ್ದೇನೆ, ಅವಳಿಗೆ ಕೂಗಲು ನನ್ನಿಂದಾಗದು ಎಂದ. ಹಾಗಾದರೆ ಬೇಡ ಎಂದು ಅವಳಿಗೆ ಹೇಳಿಬಿಡು ಎಂದೆ.

"ಹೆಂಗೆ ಹೇಳ್ಲಿ? ನಾನು ಬೇಡ ಅಂದ್ರೆ, ತನ್ನ ಕೈಲಾಗಲ್ಲ ಅಂತ ಅಪ್ಪನಿಗೇ ಅನ್ನಿಸಿದೆ ಅಂದ್ಕೋತಾಳೆ. ಅವಳಿಗೆ ಆಸೆ ಇದ್ರೆ? ನೀನೂ ಬಾಯಿ ಬಿಡಬೇಡ" ಎಂದು ಹೇಳಿ, ಸ್ಟೂಲಿನಿಂದ ಎರಡು ಕೈ ಊರಿ ಎದ್ದು ಹೋದ.

ಹೀಗೆ ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ. ಎರಡೂ ಒಂದೇ ಗುಟ್ಟು. ಒಬ್ಬರ ಬಾಯಿಂದ ಒಂದು ಮಾತು ಬಿದ್ದಿದ್ದರೆ ಇಬ್ಬರೂ ಗೆದ್ದಂತೆ. ಆದರೆ ಊಟಕ್ಕೆ ಕೂತಾಗ ಅಪ್ಪ ಮಗಳಿಗೆ ಉಪ್ಪು ಸಾಕಾ ಎನ್ನುವನು, ಮಗಳು ಅಪ್ಪನಿಗೆ ಇನ್ನೊಂದು ಸ್ವಲ್ಪ ಹಾಕಲಾ ಎನ್ನುವಳು, ಮಾತು ಅಲ್ಲಿಗೇ ಮುಗಿಯುವುದು. ನಾನು ತಡೆಯಲಾರದೆ ಒಂದು ಸಂಜೆ ಅತ್ತಿಗೆಯ ಹತ್ತಿರ ಹೋದೆ. ಯಾರ ಹೆಸರೂ ಎತ್ತದೆ, ಸುತ್ತಿ ಬಳಸಿ ವಿಷಯ ತೆಗೆದೆ. ಅವರು ತಟ್ಟೆ ಒರೆಸುತ್ತ, ನನಗೆ ಗೊತ್ತು ಎಂದರು. ಮಗಳು ಮೆಟ್ಟಿಲು ಹತ್ತುವಾಗ ಪ್ರತಿ ಸಲವೂ ಮೊದಲು ಬಲಗಾಲೇ ಇಡುತ್ತಾಳೆ, ಮೊದಲೆಲ್ಲ ಹಾಗಿರಲಿಲ್ಲ ಎಂದರು. ಮತ್ತೆ ನೀವಾದರೂ ಹೇಳಬಾರದಾ ಅತ್ತಿಗೆ ಎಂದೆ.

"ನಾನು ಹೇಳಿದ್ರೆ ನನ್ನ ಮಾತಿಗೆ ಅಂತ ಬಿಡ್ತಾಳೆ. ನಾಳೆ ಬೇಜಾರಾದ್ರೆ ಅದೂ ನನ್ನ ತಲೆ ಮೇಲೆ. ಈ ಮನೇಲಿ ಎಲ್ಲರೂ ಒಬ್ಬರ ಮನಸ್ಸು ಇನ್ನೊಬ್ಬರು ಕಾಯ್ದೂ ಕಾಯ್ದೂ ಸುಸ್ತಾಗಿದ್ದೀವಿ. ಒಂದು ಸಲ ಜಗಳ ಆಡಿದ್ರೆ ಎಷ್ಟೋ ವಾಸಿ" ಎಂದರು ಅತ್ತಿಗೆ. ತಟ್ಟೆಗಳನ್ನು ಜೋಡಿಸಿಟ್ಟು, ನಾಳೆ ಬೆಳಗಿನ ಪಾಳಿ ಇದೆ ಎಂದು ಮಲಗಲು ಹೋದರು.

ಹದಿನೆಂಟನೇ ದಿನ ಪುಟ್ಟಿ ಒಪ್ಪಿಗೆ ಎಂದು ಬರೆದು ಕೊಟ್ಟುಬಿಟ್ಟಳು. ಧೈರ್ಯದಿಂದಲ್ಲ, ಆಸೆಯಿಂದಲೂ ಅಲ್ಲ. ಬೇಡ ಎಂದು ಬರೆದರೆ ಕೆಳಗೆ ಕಾರಣ ಬರೆಯಲು ಆರು ಗೆರೆ ಇದ್ದವಂತೆ. ಬೇಕು ಎಂದರೆ ಒಂದು ಸಹಿ. ಆರು ಗೆರೆ ತುಂಬಿಸುವಷ್ಟು ತ್ರಾಣ ಇರಲಿಲ್ಲ ಚಿಕ್ಕಪ್ಪ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಹೊರೆ ಹೊರುವುದಕ್ಕಿಂತ ಕಾರಣ ಹೇಳುವುದೇ ಭಾರ ಅನ್ನಿಸುವ ಸುಸ್ತು ಅದು. ನನಗೂ ಗೊತ್ತಿರುವ ಸುಸ್ತು. ಎಷ್ಟೋ ಸಲ ಗಿರಾಕಿ ಕೊಟ್ಟ ತಪ್ಪು ಅಳತೆಯನ್ನು ತಿದ್ದಿ ಹೇಳಲು ಬೇಜಾರಾಗಿ, ಅವರು ಹೇಳಿದ ಹಾಗೇ ಹೊಲಿದು, ಆಮೇಲೆ ಪೂರ್ತಿ ಬಿಚ್ಚಿದ್ದೇನೆ.

ಹೆಸರಿನ ಪಟ್ಟಿ ಮಾರನೇ ದಿನ ಅಣ್ಣನ ಮೇಜಿಗೆ ಬಂತು. ಸಂಜೆ ಮನೆಗೆ ಬಂದವನು ಅವತ್ತು ಎರಡೂ ಬೂಟು ತಾನೇ ಬಿಚ್ಚಿದ. ನಿದ್ದೆ ಮಾಡಲಿಲ್ಲ. ಮಗಳ ಮುಂದೆ ಕೂತು, ನಾಳೆ ಭಾನುವಾರ, ಮೈದಾನದಲ್ಲಿ ಯಾರೂ ಇರುವುದಿಲ್ಲ, ಬೆಳಿಗ್ಗೆ ಒಂದು ಸಲ ನೋಡಿಕೊಂಡು ಬರೋಣ ಬಾ ಎಂದ. ಅವಳು ಸರಿ ಎಂದಳು. ಉಗ್ರಾಣಕ್ಕೆ ಕೊಡಬೇಕಾದ ನಲವತ್ತು ಜೊತೆ ರಿಪೇರಿ ಬಟ್ಟೆ ನನ್ನ ಅಂಗಡಿಯಲ್ಲಿತ್ತು. ಹೇಗೂ ಒಳಗೆ ಹೋಗುವುದಿದೆ ಎಂದು ನಾನೂ ಗಂಟು ಹೊತ್ತು ಹೊರಟೆ. ಬಟ್ಟೆಯನ್ನು ಸೋಮವಾರ ಕೊಟ್ಟಿದ್ದರೂ ಆಗುತ್ತಿತ್ತು, ಅದು ಮೂವರಿಗೂ ಗೊತ್ತಿತ್ತು.

ಖಾಲಿ ಇದ್ದಾಗ ತರಬೇತಿಯ ಮೈದಾನ ಬಡಪಾಯಿಯಂತೆ ಕಾಣುತ್ತದೆ. ತುಳಿದು ತುಳಿದು ಹುಲ್ಲು ಸತ್ತ ನೆಲ, ನೀರು ನಿಂತ ಗುಂಡಿಗಳು, ನೇತಾಡುವ ಹಗ್ಗಗಳು, ಒಂದೂವರೆ ಆಳೆತ್ತರದ ಮರದ ಹಲಗೆಯ ಗೋಡೆ. ಅಣ್ಣ ಉಗ್ರಾಣದಿಂದ ಹೊರೆಯ ಚೀಲವೊಂದನ್ನು ತಂದು ಅವಳ ಬೆನ್ನಿಗೆ ಹಾಕಿದ. ಅರ್ಧ ಭಾರ ಇದೆ, ಪೂರ್ತಿ ಮೂವತ್ತೆರಡು ಕಿಲೋ ಇರುತ್ತದೆ ಎಂದ. ಮೈದಾನಕ್ಕೆ ಎರಡು ಸುತ್ತು ನಡೆಸಿದ, ತಾನೂ ಪಕ್ಕದಲ್ಲಿ ನಡೆದ. ನಾನು ಬಟ್ಟೆಯ ಗಂಟಿನ ಮೇಲೆ ಕೂತು ನೋಡುತ್ತಿದ್ದೆ. ಹಿಂದಿನಿಂದ ನೋಡಿದರೆ ಇಬ್ಬರ ನಡಿಗೆಯೂ ಒಂದೇ. ಇಬ್ಬರೂ ಎಡಗಾಲನ್ನು ಕಳ್ಳತನದಲ್ಲಿ ಇಡುತ್ತಿದ್ದರು.

ಆಮೇಲೆ ಗೋಡೆ ಹತ್ತು ಎಂದ. ಅವಳು ಓಡಿ ಬಂದು, ಅಂಚು ಹಿಡಿದು, ಮೊದಲ ಏಟಿಗೇ ಹತ್ತಿದಳು. ಅಚ್ಚುಕಟ್ಟಾಗಿ ಹತ್ತಿದಳು, ನನಗೇ ಹೆಮ್ಮೆಯಾಯಿತು. ಆ ಕಡೆ ಧುಮುಕಿದ ಸದ್ದು ಕೇಳಿತು, ಅದರ ಹಿಂದೆಯೇ ಇನ್ನೊಂದು ಮೆತ್ತನೆಯ ಸದ್ದು. ನಾವು ಬಳಸಿಕೊಂಡು ಹೋಗಿ ನೋಡುವ ಹೊತ್ತಿಗೆ ಅವಳು ಮಣ್ಣಿನಲ್ಲಿ ಕೂತು ಎಡಗಾಲನ್ನು ಮುಂದೆ ಚಾಚಿದ್ದಳು. ಜಾರಿತು ಎಂದಳು.

ಅಣ್ಣ ಅವಳ ಬೆನ್ನಿನ ಚೀಲ ಬಿಚ್ಚಿ ಪಕ್ಕಕ್ಕಿಟ್ಟ. ಮಂಡಿಯೂರಲು ಹೋಗಿ ಆಗದೆ, ಗೋಡೆ ಹಿಡಿದುಕೊಂಡು ಮೆಲ್ಲಗೆ ಅವಳ ಪಕ್ಕ ಕೂತ. "ನಾನು ಹನ್ನೊಂದು ವರ್ಷದಿಂದ ಕಾಲು ನೋಡೋದನ್ನೇ ಕೆಲಸ ಮಾಡ್ಕೊಂಡಿದ್ದೀನಿ ಪುಟ್ಟಿ. ನೀನು ಬಸ್ಸಿಂದ ಇಳಿದ ದಿನವೇ ನೋಡ್ದೆ. ನೀನೇ ಹೇಳ್ತೀಯ ಅಂತ ಕಾದೆ" ಎಂದ.

ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನಲ್ಲಪ್ಪ, ಅಳತೆಯ ಪುಸ್ತಕವನ್ನೂ ಯಾರಿಗೂ ತೋರಿಸಿಲ್ಲ ಎಂದೆ. ಅದಕ್ಕೆ ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಅಣ್ಣ ಅವಳ ಬೂಟಿನ ಲೇಸು ಸಡಿಲಿಸಿದ. ಆಮೇಲೆ ನೀನು ಯಾಕೆ ಸಹಿ ಹಾಕಿದೆ ಎಂದು ಕೇಳಿದ. ನಿನಗೋಸ್ಕರ ಎಂದಳು. ಇಬ್ಬರೂ ಹೇಳದೆ ಉಳಿಸಿಕೊಂಡಿದ್ದೆಲ್ಲ ಅಲ್ಲಿ ಆ ಕೆಸರಿನಲ್ಲಿ ಹೊರಬಂತು, ದೊಡ್ಡ ಮಾತುಗಳಲ್ಲಲ್ಲ, ತುಂಡು ತುಂಡಾಗಿ. ಅಣ್ಣನ ಎಡಗಿವಿಯ ಕಡೆ ಬಾಗಿ ಅವಳು ಎರಡೆರಡು ಸಲ ಹೇಳಬೇಕಾಗುತ್ತಿತ್ತು.

ಇಷ್ಟಾದರೂ ಅವಳ ಮನಸ್ಸು ಪೂರ್ತಿ ಒಪ್ಪಲಿಲ್ಲ. ಕಾಲು ಬಿಡು, ಕಾಲು ಹೇಗೋ ಆಗುತ್ತದೆ, ಕೆಳಗಿರುವವರ ಕಷ್ಟ ಗೊತ್ತಿಲ್ಲದೆ ನಾನೆಂಥ ಪೈಲಟ್ ಆಗುತ್ತೇನೆ ಎಂದು ಕೇಳಿದಳು. ಆಗ ಅಣ್ಣ ಒಂದು ಹಳೆಯ ಸಂಗತಿ ಹೇಳಿದ. ನಾನೂ ಅದನ್ನು ಅವತ್ತೇ ಮೊದಲು ಕೇಳಿದ್ದು. ಗುಡ್ಡದ ಮೇಲಿನ ಕಾವಲಿನಲ್ಲಿದ್ದಾಗ ಅವನ ಜೊತೆಗಾರನೊಬ್ಬ ಕಮರಿಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಹೆಲಿಕಾಪ್ಟರ್ ಕಳಿಸಿ ಎಂದು ಕೇಳಿ ಎರಡು ದಿನ ಕಾದರು. ಬಂತು. ತಲೆಯ ಮೇಲೆ ಮೂರು ಸುತ್ತು ಹಾಕಿ, ಇಳಿಯದೆ ಹೊರಟುಹೋಯಿತು. ಇವರು ಟಾರ್ಪಾಲಿನ ಜೋಲಿ ಮಾಡಿ ಅವನನ್ನು ಹತ್ತೊಂಬತ್ತು ಗಂಟೆ ಹೊತ್ತು ಕೆಳಗಿಳಿಸಿದರು. ಆಮೇಲೆ ಅವನು ಬದುಕಿದನಾ ಎಂದು ಪುಟ್ಟಿ ಕೇಳಿದಳು.

"ಅವನು ಬದುಕಿದ. ಕಾಲು ಬದುಕಲಿಲ್ಲ" ಎಂದ ಅಣ್ಣ. "ಆ ಪೈಲಟ್‌ನ ನಾನು ಹತ್ತು ವರ್ಷ ಶಪಿಸಿದೆ. ಕೆಳಗಿನವರ ಕಷ್ಟ ಇವನಿಗೇನು ಗೊತ್ತು ಅಂತ. ಆಮೇಲೊಂದು ದಿನ ಇಲ್ಲೇ ಕ್ಯಾಂಟೀನಲ್ಲಿ ಸಿಕ್ಕಿದ. ಅವನೂ ಈ ಹತ್ತು ವಾರ ಮಾಡಿದವನೇ. ನಮ್ಮ ಕಷ್ಟ ಅವನಿಗೆ ಚೆನ್ನಾಗೇ ಗೊತ್ತಿತ್ತು. ಆ ಗಾಳಿಲಿ ಆ ಜಾಗಕ್ಕೆ ಇಳಿಸೋಷ್ಟು ಅವತ್ತು ಕೈ ಪಳಗಿರಲಿಲ್ಲ ಅಂದ. ಅದನ್ನ ಹೇಳೋವಾಗ ಅವನ ಮುಖ ನೋಡೋಕಾಗಲಿಲ್ಲ ನಂಗೆ."

ಹಾಗಾದರೆ ಈ ತರಬೇತಿಯಿಂದ ಏನೂ ಪ್ರಯೋಜನ ಇಲ್ಲವಾ ಎಂದು ಅವಳು ಕೇಳಿದಳು. ಅಣ್ಣ ಸುಳ್ಳು ಹೇಳಲಿಲ್ಲ. ಪ್ರಯೋಜನ ಇದೆ ಎಂದ. ತಾನು ಕಂಡ ಒಳ್ಳೆಯ ಪೈಲಟ್‌ಗಳಲ್ಲಿ ಅರ್ಧ ಜನ ಇದನ್ನು ಮಾಡಿದವರೇ ಎಂದ.

"ಒಳ್ಳೇದೇ. ಆದ್ರೆ ಒಳ್ಳೇದನ್ನೆಲ್ಲ ಒಬ್ಬರೇ ಮಾಡ್ಲೇಬೇಕು ಅಂತಿಲ್ಲ. ಈಗ ನಿನ್ನ ಹತ್ರ ಏನು ಉಳಿದಿದೆಯೋ ಅದನ್ನ ಅಲ್ಲಿಗೆ ತಗೊಂಡು ಹೋಗು. ಇಲ್ಲಿ ಸುರಿಬೇಡ."

ಅವಳು ಸ್ವಲ್ಪ ಹೊತ್ತು ಬೂಟಿನ ಕೆಸರು ಕೆರೆಯುತ್ತ ಕೂತಿದ್ದಳು. ಆಮೇಲೆ, ನಾನು ಹಿಂದೆ ಸರಿದರೆ ನಿನಗೆ ಬೇಜಾರಾಗುತ್ತಾ ಎಂದು ಕೇಳಿದಳು. "ಆಗುತ್ತೆ, ಒಂಚೂರು" ಎಂದ ಅಣ್ಣ. "ಅದು ನನ್ನ ಪಾಡು. ನೀನು ಹೊರಬೇಡ." ನಾವು ಮೂವರೂ ಎದ್ದೆವು. ಏಳುವಾಗ ಅಣ್ಣನಿಗೆ ನಾನೊಂದು ಕೈ, ಪುಟ್ಟಿ ಒಂದು ಕೈ ಕೊಡಬೇಕಾಯಿತು.

ಸೋಮವಾರ ಅವಳು ಹೆಸರು ವಾಪಸು ತೆಗೆದುಕೊಂಡಳು. ಆರು ಗೆರೆಯ ಜಾಗದಲ್ಲಿ ಒಂದೇ ಸಾಲು ಬರೆದಳು, ಹಳೆಯ ಪೆಟ್ಟು ವಾಸಿಯಾಗಲು ಸಮಯ ಬೇಕು ಎಂದು. ಅರ್ಜಿ ನೋಡುವ ಅಧಿಕಾರಿ, ಡಾಕ್ಟರು ಸರಿಯಿದೆ ಎಂದು ಬರೆದಿದ್ದಾರಲ್ಲ ಎಂದು ಹುಬ್ಬೇರಿಸಿ, ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರಂತೆ. ಕ್ಯಾಂಟೀನಿನಲ್ಲಿ ಒಂದು ವಾರ ಮಾತು ನಡೆಯಿತು. ಬೂಟು ತೆಗೆದಿಟ್ಟಿದ್ದವರು ಅಣ್ಣನ ಮುಂದೆ ಮಾತು ಬದಲಿಸುತ್ತಿದ್ದರು, ಅದು ಚುಚ್ಚಿದ್ದಕ್ಕಿಂತ ಹೆಚ್ಚು ನೋಯುತ್ತಿತ್ತು. ಅಣ್ಣ ಅದನ್ನು ಮನೆಗೆ ತರಲಿಲ್ಲ. ಕುರ್ಚಿಯಲ್ಲಿ ಕೂತು ಎಂದಿನಂತೆ ಒಂದು ಬೂಟು ಬಿಚ್ಚಿ ನಿದ್ದೆ ಹೋಗುತ್ತಿದ್ದ.

ಪುಟ್ಟಿ ಐದು ತಿಂಗಳು ದಾಖಲೆಗಳ ಕೋಣೆಯಲ್ಲಿ ಹಳೆಯ ಕಡತಗಳಿಗೆ ಹೊಸ ಅಂಕಿ ಅಂಟಿಸುತ್ತ ಕೂತಳು. ಕಿಟಕಿಯಿಂದ ಮೈದಾನ ಕಾಣುತ್ತಿತ್ತಂತೆ. ಜೊತೆಯ ಮೂವರು ಹೊರೆ ಹೊತ್ತು ಓಡುವುದು ಕಾಣುತ್ತಿತ್ತು, ಅವರ ಹಿಂದೆ ಅಪ್ಪ ಕೂಗುವುದೂ ಕೇಳುತ್ತಿತ್ತು. ಮೊದಲ ದಿನಗಳಲ್ಲಿ ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು, ಆಮೇಲೆ ಸುಸ್ತಾಗಿ ಅದನ್ನೂ ಬಿಟ್ಟಳು. ಸಂಜೆ ಅಮ್ಮನನ್ನು ಬಸ್ ನಿಲ್ದಾಣದಿಂದ ಕರೆದುಕೊಂಡು ನಿಧಾನವಾಗಿ ನಡೆದು ಬರುತ್ತಿದ್ದಳು. ಮೂರನೇ ತಿಂಗಳಲ್ಲಿ ನಾನು ಅಳತೆ ತೆಗೆದೆ. ಎಡಗಾಲು ಕಾಲಿಂಚು ಹಿಂದಿತ್ತು. ಐದನೇ ತಿಂಗಳಲ್ಲಿ ಅದೂ ಇರಲಿಲ್ಲ.

ಆ ಮೂವರಲ್ಲಿ ಒಬ್ಬ ನಾಲ್ಕನೇ ವಾರ ಕಾಲಿನ ಗಿಣ್ಣು ಮುರಿದುಕೊಂಡು ಹಾರಾಟದ ಶಾಲೆಗೆ ಒಂದು ವರ್ಷ ತಡವಾಗಿ ಹೋದ. ಇದನ್ನು ಹೇಳಿ ನಾನು ಗೆದ್ದೆವೆಂದು ಬೀಗುವ ಹಾಗಿಲ್ಲ, ಏಕೆಂದರೆ ಉಳಿದ ಇಬ್ಬರು ಹುರಿಗೊಂಡು ಹೋದರು. ಅವರಲ್ಲೊಬ್ಬಳು ಹಾರಾಟದ ಶಾಲೆಯಲ್ಲಿ ಮೊದಲ ದಿನದಿಂದ ಕೊನೆಯವರೆಗೂ ಪುಟ್ಟಿಗಿಂತ ಮುಂದಿದ್ದಳು. ಪುಟ್ಟಿ ಮೋಡದೊಳಗೆ ಮೀಟರುಗಳನ್ನಷ್ಟೇ ನೋಡಿ ಹಾರಿಸುವ ಪರೀಕ್ಷೆಯಲ್ಲಿ ಒಂದು ಸಲ ಫೇಲಾದಳು. ಇನ್ನೊಂದು ಸಲ ಫೇಲಾದರೆ ಮನೆಗೆ ಕಳಿಸುತ್ತಾರೆ ಎಂದು ಫೋನಿನಲ್ಲಿ ಹೇಳಿ, ಮುಂದೇನೂ ಹೇಳದೆ ಸುಮ್ಮನಾದಳು. ಅಣ್ಣ ಫೋನನ್ನು ಎಡಗಿವಿಗೆ ಒತ್ತಿಕೊಂಡು, ಅವಳು ಇಡುವವರೆಗೂ ತಾನೂ ಸುಮ್ಮನೆ ಹಿಡಿದುಕೊಂಡಿದ್ದ. ಎರಡನೇ ಸಲ ಪಾಸಾದಳು. ಹೆಚ್ಚು ಅಂಕವೇನೂ ಇರಲಿಲ್ಲ.

ಈಗ ಅವಳು ಗುಡ್ಡದ ಮೇಲಿನ ಕಾವಲುಗಳಿಗೆ ನೀರು, ದಿನಸಿ, ಔಷಧಿ ಸಾಗಿಸುವ ಹೆಲಿಕಾಪ್ಟರ್ ಹಾರಿಸುತ್ತಾಳೆ. ಮೊದಲ ರಜೆಗೆ ಬಂದಾಗ ಊಟದ ನಡುವೆ ಒಂದು ವಿಷಯ ತಾನಾಗಿಯೇ ಹೇಳಿದಳು. ಮೊದಲ ವಾರ ನೀರಿನ ಕ್ಯಾನುಗಳನ್ನು ಒಯ್ದು, ತನಗೆ ಇಳಿಸಲು ಸುಲಭವಾದ ಬಯಲಿನಲ್ಲಿ ಇಳಿಸಿ ಬಂದಳಂತೆ. ಆ ಬಯಲಿನಿಂದ ಕಾವಲಿನ ಮನೆಗೆ ಮುನ್ನೂರು ಮೀಟರ್ ಏರು. ನಾಲ್ಕು ಸಲ ಹಾಗೆ ಮಾಡಿದ ಮೇಲೆ ಒಬ್ಬ ಹಳೆಯ ಸೈನಿಕ ರೆಕ್ಕೆ ನಿಲ್ಲುವವರೆಗೂ ಕಾದು ಬಂದು, ಮೇಡಂ, ಮೇಲ್ಗಡೆ ಬಂಡೆ ಪಕ್ಕ ಇಳಿಸೋಕಾದ್ರೆ ನಮ್ಮ ಬೆನ್ನು ಉಳಿಯುತ್ತೆ ಎಂದನಂತೆ. ಆ ಹತ್ತು ವಾರ ಮಾಡಿದ್ದರೆ ಅವನು ಹೇಳುವ ಮೊದಲೇ ನನಗೆ ಹೊಳೆಯುತ್ತಿತ್ತು ಅಪ್ಪ ಎಂದಳು ಪುಟ್ಟಿ. ಹೊಳೆಯುತ್ತಿತ್ತೇನೋ ಎಂದ ಅಣ್ಣ. ಈಗ ಎಲ್ಲಿ ಇಳಿಸುತ್ತೀಯ ಎಂದ. ಬಂಡೆ ಪಕ್ಕ ಎಂದಳು. ಅವಳೀಗ ಹೊಸ ಜಾಗಕ್ಕೆ ಹೋದರೆ ಮೊದಲು ಅಲ್ಲಿನ ಸೈನಿಕರನ್ನು ಕೇಳುತ್ತಾಳಂತೆ, ಎಲ್ಲಿ ಬೇಕು ಎಂದು. ಜೊತೆಯ ಪೈಲಟ್‌ಗಳು ಅದಕ್ಕೆ ಗೇಲಿ ಮಾಡುತ್ತಾರಂತೆ.

ಹೋದ ತಿಂಗಳು ಅಣ್ಣ ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ಹಾರ ಹಾಕಿ, ಗಡಿಯಾರ ಕೊಟ್ಟು, ಎರಡು ಮಾತಾಡಿ ಎಂದರಂತೆ. ಅವನು ಎದ್ದು, ಕಾಲು ನೋಡಿಕೊಳ್ಳಿ ಎಂದು ಹೇಳಿ ಕೂತನಂತೆ. ಮಾರನೇ ದಿನ ಹನ್ನೊಂದು ಗಂಟೆಯಾದರೂ ಅವನು ಕೋಣೆಯಿಂದ ಹೊರಬರಲಿಲ್ಲ. ಅತ್ತಿಗೆ ಟಿಕೆಟ್ ಕಿಂಡಿಯಿಂದ ನನಗೆ ಫೋನ್ ಮಾಡಿ, ಒಂದು ಸಲ ಹೋಗಿ ನೋಡು ಎಂದರು. ನಾನು ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗಿ, ಚಹಾ ಮಾಡಿಕೊಂಡು ಒಳಗೆ ಹೋದೆ. ಅವನು ಎಚ್ಚರವಾಗಿಯೇ ಇದ್ದ. ಸೂರು ನೋಡುತ್ತ ಮಲಗಿದ್ದ. ಏಳಲು ಆಗುತ್ತಿಲ್ಲವಾ, ಮಂಡಿ ನೋವಾ ಎಂದು ಕೇಳಿದೆ.

"ಏಳೋಕಾಗಲ್ಲ ಅಂತಲ್ಲ" ಎಂದ. "ಏಳಬೇಕಾಗಿಲ್ಲ. ಅದನ್ನ ಅಭ್ಯಾಸ ಮಾಡ್ತಿದ್ದೀನಿ."

ಅಷ್ಟರಲ್ಲಿ ಅವನ ದಿಂಬಿನ ಪಕ್ಕದಲ್ಲಿ ಫೋನು ಬಡಿದುಕೊಂಡಿತು. ಪುಟ್ಟಿ. ಮೋಡ ಕವಿದು ಅವತ್ತಿನ ಹಾರಾಟ ರದ್ದಾಗಿತ್ತಂತೆ. ಅವಳ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು, ಅಪ್ಪನ ಜೊತೆ ಮಾತಾಡಿ ಮಾತಾಡಿ ಅವಳಿಗೆ ಹಾಗೇ ರೂಢಿ. ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ಮಲಗಿದ್ದೀನಿ ಎಂದ. ನಾನೂ ಮಲಗೇ ಇದ್ದೀನಿ ಎಂದಳು. ಆಮೇಲೆ ಇಬ್ಬರೂ ಅಲ್ಲಿ ಚಳಿ ಎಷ್ಟು, ಇಲ್ಲಿ ಬಿಸಿಲು ಎಷ್ಟು ಎಂದು ಮಾತಾಡತೊಡಗಿದರು. ನಾನು ಚಹಾವನ್ನು ಅವನ ಕೈಗೆಟಕುವ ಹಾಗೆ ಇಟ್ಟು, ಬಾಗಿಲು ಮುಂದೆಮಾಡಿ ಅಂಗಡಿಗೆ ಹೊರಟೆ.